ಅತ್ತೆಯಾಗದೆ ಹೋದವರಿಗೆ

ಪ್ರೀತಿಯ ಅಮ್ಮ,

ಹೀಗೆ ಕರೆಯಲು ನಿಮ್ಮ ಅಪ್ಪಣೆ ಕೇಳಿಲ್ಲ. ನಿಮ್ಮ ಮಗನ ಜೊತೆ ನಿಶ್ಚಯವಾಗಿದ್ದ ನನ್ನ ಮದುವೆ ಮುರಿದ ದಿನವೇ ‘ಅತ್ತೆ’ ಎನ್ನುವ ಹಕ್ಕು ಹೋಯಿತು. ‘ಆಂಟಿ’ ಎಂದರೆ ನೀವು ನಿಮ್ಮ ಹೊಲಿಗೆ ಅಂಗಡಿಗೆ ಬರುವ ಗಿರಾಕಿಗಳನ್ನೂ ಗದರುತ್ತೀರಿ. ನಿನ್ನೆ ಕೋರ್ಟಿನ ತೀರ್ಪು ಬಂತು. ನನ್ನ ಫೋಟೋ ಕಳಿಸಿ ಬೆದರಿಸಿದವನಿಗೆ ಶಿಕ್ಷೆಯಾಯಿತು. ಮೊಣಕಾಲು ನೋವಿಗೆ ತೀರ್ಪಿನ ದಿನ ಮಾತ್ರ ನೀವು ಬರಲಾಗಲಿಲ್ಲ; ಫೋನಿನಲ್ಲಿ ನಿಮಗೆ ಅಷ್ಟು ಹೇಳಿ ಇಟ್ಟುಬಿಟ್ಟೆ. ಉಳಿದದ್ದಕ್ಕೆ ಈ ಕಾಗದ.

ಮದುವೆಗೆ ಹದಿನೆಂಟು ದಿನ ಇದ್ದಾಗ ನೀವು ನಮ್ಮ ಲ್ಯಾಬಿಗೆ ಬಂದಿರಿ. ಎಲ್ಲರ ಹಾಗೆ ಟೋಕನ್ ತಗೊಂಡು, ಸರದಿ ಬಂದಾಗ ನನ್ನೆದುರು ಕೂತು ತೋಳು ಚಾಚಿದಿರಿ. ನಾನು ಸೂಜಿ ತೆಗೆಯುವಷ್ಟರಲ್ಲಿ, “ರಕ್ತ ಬೇಡ ಕಣೇ, ಮಾತಾಡ್ಬೇಕು” ಅಂದಿರಿ. ಯಾವ ಮಾತೆಂದು ಗೊತ್ತಾಗಿಹೋಯಿತು. ಮದುವೆ ನಿಲ್ಲಿಸದಿದ್ದರೆ ನನ್ನ ಖಾಸಗಿ ಫೋಟೋಗಳನ್ನು ಎಲ್ಲರಿಗೂ ಕಳಿಸುತ್ತೇನೆಂದು ಹಳೆಯ ಗೆಳೆಯ ಹಿಂದಿನ ದಿನವೇ ಬೆದರಿಸಿದ್ದ. ರಾಜೀನಾಮೆ ಪತ್ರ ನನ್ನ ಬಿಳಿ ಕೋಟಿನ ಜೇಬಿನಲ್ಲಿತ್ತು. ಅದಕ್ಕಿಂತ ಕೆಟ್ಟ ಯೋಚನೆಯೂ ತಲೆಯಲ್ಲಿತ್ತು. ಅದನ್ನು ಇವತ್ತೇ ಮೊದಲು ಹೇಳುತ್ತಿರುವುದು.

ಸ್ಯಾಂಪಲ್ ಇಡುವ ಫ್ರಿಜ್ಜಿನ ಮರೆಯಲ್ಲಿ ನಿಂತು, “ಫೋಟೋ ನಂದೇ. ಆಗ ನಾನೇ ಅವನಿಗೆ ಕಳಿಸಿದ್ದು” ಅಂದೆ. ಸುಳ್ಳಿಗೆ ನಾಲಿಗೆ ಏಳಲಿಲ್ಲ.

“ನಿಂದೇ ಅಂತ ಗೊತ್ತಾಯ್ತು. ಈಗ ನನ್ನ ಫೋನಿಗೆ ಕಳಿಸಿದ್ದು ನೀನಲ್ವಲ್ಲ? ಮತ್ತೆ ನೀನ್ಯಾಕೆ ತಲೆ ತಗ್ಗಿಸ್ತೀಯ? ನಾನು ಯಾರಿಗೂ ತೋರಿಸಿಲ್ಲ, ಅಳಿಸಿಯೂ ಇಲ್ಲ. ಪೊಲೀಸರಿಗೆ ಬೇಕಾಗತ್ತೆ. ಅವನು ಬೆದರಿಸಿದ ಮೆಸೇಜನ್ನ ನೀನೂ ಅಳಿಸ್ಬೇಡ. ಕೋಟು ಬಿಚ್ಚು, ನಡಿ.”

ಠಾಣೆಯಲ್ಲಿ ಅಧಿಕಾರಿ ಕನ್ನಡಕದ ಮೇಲಿಂದ ನೋಡುತ್ತ, “ಇಂಥ ಫೋಟೋ ಯಾಕಮ್ಮ ತೆಗ್ದುಕೊಂಡೆ?” ಅಂದರು. ನಾನು ಭೂಮಿಗಿಳಿದುಹೋದೆ. ನೀವು ಕುರ್ಚಿ ಮುಂದಕ್ಕೆಳೆದು, “ಕಳ್ಳ ನುಗ್ಗಿದ ಅಂತ ಬಂದವರನ್ನ, ಮನೆ ಯಾಕೆ ಕಟ್ಸಿದ್ರಿ ಅಂತ ಕೇಳ್ತೀರಾ ಸಾಹೇಬ್ರೆ? ಬರ್ಕೊಳ್ಳಿ” ಅಂದಿರಿ. ಬರೆದುಕೊಂಡರು. ಫೋಟೋ ಯಾವ ನಂಬರಿನಿಂದ, ಎಷ್ಟು ಗಂಟೆಗೆ ಬಂತು ಎಂಬುದನ್ನೆಲ್ಲ ನೀವು ಅಳತೆ ಪುಸ್ತಕದಲ್ಲಿ, ಗಿರಾಕಿಗಳ ತೋಳು, ಸೊಂಟದ ಅಳತೆಗಳ ನಡುವೆಯೇ ಗೀಚಿಟ್ಟುಕೊಂಡಿದ್ದಿರಿ.

ನಿಮ್ಮ ಮಗ ಹಿಂದೆ ಸರಿದ. ಅವನ ಮೇಲೆ ಸಿಟ್ಟಿಲ್ಲ ಅಂದರೆ ಸುಳ್ಳಾದೀತು. ಅಲ್ಲಿಗೆ ನನ್ನ ನಿಮ್ಮ ನಂಟೂ ಮುಗಿಯಿತು ಅಂದುಕೊಂಡೆ. ಮರುದಿನ ಕೇಸಿನ ವಿಷಯಕ್ಕೆ ವಕೀಲೆಯ ಆಫೀಸಿಗೆ ಹೋದರೆ, ಮೆಟ್ಟಿಲ ಮೇಲೆ ನೀವು ಆಗಲೇ ಕೂತಿದ್ದೀರಿ! “ಅವನು ಬಿಟ್ಟ. ನಾನೆಲ್ಲಿ ಬಿಟ್ಟೆ?” ಅಂದಿರಿ. ಎರಡು ವರ್ಷ, ಒಂದು ವಿಚಾರಣೆಯನ್ನೂ ತಪ್ಪಿಸದೆ, ಅಂಗಡಿಗೆ ಬೀಗ ಹಾಕಿ ಬಂದಿರಿ. ಕೋರ್ಟಿನ ಬೆಂಚಿನಲ್ಲಿ ಕೂತು ಬೇರೆಯವರ ಅಂಗಿಗಳಿಗೆ ಗುಂಡಿ ಹಾಕಿದಿರಿ.

ಆ ಫೋಟೋ ಇನ್ನೂ ಯಾರದಾದರೂ ಫೋನಿನಲ್ಲಿರಬಹುದು. ಇದ್ದರೆ ಇರಲಿ ಎನ್ನುವ ಧೈರ್ಯ ದಿನಾ ಬರುವುದಿಲ್ಲ. ಬರುವ ದಿನಗಳೇ ಈಗ ಹೆಚ್ಚು. ಕೆಲಸ ಬಿಡಲಿಲ್ಲ, ಹೋದ ತಿಂಗಳು ನನ್ನನ್ನು ಲ್ಯಾಬಿನ ಮೇಲ್ವಿಚಾರಕಿ ಮಾಡಿದರು.

ನಿಮ್ಮ ಮಗನಿಗೆ ಹೆಣ್ಣು ಗೊತ್ತಾಯಿತಂತೆ. ನನಗೆ ಹೇಳಲಾಗದೆ ನೀವು ಒದ್ದಾಡುತ್ತಿದ್ದೀರಿ ಅಂತಲೂ ಕೇಳಿದೆ. ಸಂಕೋಚ ಬೇಡಮ್ಮ. ಮದುವೆಗೆ ಬರುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಆದರೆ ಗಂಡನ ಮಾತು ಹೇಗೋ, ಅತ್ತೆಯ ವಿಷಯದಲ್ಲಿ ಆ ಹುಡುಗಿ ಪುಣ್ಯವಂತೆ.

ನಿಮ್ಮ ಕಣ್ಣು ಮಂಜಾಗದಿರಲಿ, ಮೊಣಕಾಲು ನೋಯದಿರಲಿ, ಬಾಯಿ ಮಾತ್ರ ಈಗಿನಷ್ಟೇ ಹರಿತವಾಗಿರಲಿ.

ನೀವು ಕೈಬಿಡದ,
ನಿಮ್ಮ ಹುಡುಗಿ