ಹೊರಳುಗುಂಡಿಯ ಮೇಲಿನ ಮರ

ಕೊಸ್ಕಿ ಕ್ರೀಕ್, ವಾಷಿಂಗ್ಟನ್
೧೯೮೧ ಸೆಪ್ಟೆಂಬರ್ ೨೭, ಭಾನುವಾರ

ಪ್ರೀತಿಯ ಅರ್ವೋ ಅಣ್ಣ,

ನೀನೂ ಅತ್ತಿಗೆಯೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಯಾಕಿಮಾದಲ್ಲಿ ಸೇಬು ಕೊಯ್ಲು ಜೋರಾಗಿ ನಡೆದಿರಬೇಕು. ಬೆಟ್ಟದ ಆಚೆಯ ಬಿಸಿಲು ನಿಮ್ಮ ಪಾಲಿಗೆ ಬಂತು. ಇಲ್ಲಿ ಆಗಸ್ಟ್ ಕೊನೆಯಿಂದ ನನ್ನ ಬೂಟು ಒಣಗಿಲ್ಲ, ಒಲೆಯ ಪಕ್ಕ ಇಟ್ಟರೂ ಒಳಗೆ ಪಾಚಿ ಕಟ್ಟುವ ಹಾಗಿದೆ.

ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಪುರುಸೊತ್ತಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ಬೇಕೆಂದೇ ತಡಮಾಡಿದೆ. ಮೊದಲು ಕೆಲಸ ಮುಗಿಯಲಿ, ಮಾತು ಆಮೇಲೆ ಎಂದುಕೊಂಡೆ.

ನೀನು ಬರೆದದ್ದನ್ನು ನಾನು ಸರಿಯಾಗಿಯೇ ಓದಿದ್ದೇನೆ. ಎಲ್ಕ್ ಜಿಂಕೆಗಳು ಕೆಸರಿನಲ್ಲಿ ಹೊರಳಲು ಬರುವ, ಅಪ್ಪ ಬೇಟೆಗೆ ಕೂರುತ್ತಿದ್ದ ಹೊರಳುಗುಂಡಿ ನಿನ್ನದು, ಅವನು ನಿನ್ನನ್ನು ಕೈಹಿಡಿದು ನಡೆಸಿಕೊಂಡು ಹೋಗಿ ತೋರಿಸಿದ್ದು. ನೀನು ಈ ವರ್ಷ ಅಳಿಯ ಕ್ಲಿಫ್‌ನನ್ನು ಕರೆತಂದು ತೋರಿಸುತ್ತೀಯ. ಒಬ್ಬರು ಒಬ್ಬರಿಗೇ ತೋರಿಸಬೇಕು, ಬಾಯಲ್ಲಿ ಹೇಳಬಾರದು, ಕಾಗದದಲ್ಲಿ ಗೀಚಬಾರದು, ಅದು ಈ ಕಣಿವೆಯ ಎಲ್ಲ ಮನೆಗಳ ಪದ್ಧತಿ. ಇದನ್ನೆಲ್ಲ ನನಗೆ ಹೇಳಿಕೊಡಬೇಕಾಗಿರಲಿಲ್ಲ, ನಾನೂ ಇದೇ ಮನೆಯಲ್ಲಿ ಹುಟ್ಟಿದವಳು. ಕೊನೆಗೆ ಬರೆದೆಯಲ್ಲ, "ಆ ಕಾಲಿಟ್ಟುಕೊಂಡು ನೀನು ಕಾಡಿಗೆ ಹೋಗಬೇಡ ಲೆಂಪಿ, ಅಪ್ಪನೂ ಅದನ್ನು ಒಪ್ಪುತ್ತಿರಲಿಲ್ಲ" ಎಂದು, ಆ ಸಾಲನ್ನು ಓದಿದ ದಿನವೇ ನಾನು ಬಿಲ್ಲಿಗೆ ಹೊಸ ಹುರಿ ಕಟ್ಟಿದೆ.

ಹೌದು, ಹೋದೆ. ಪೋಲಿಯೋ ತಿಂದ ಕಾಲನ್ನೇ ಇಟ್ಟುಕೊಂಡು ಹೋದೆ, ಬೇರೆ ಕಾಲನ್ನು ಎಲ್ಲಿಂದ ತರಲಿ?

ಊರಿನವರೂ ನಿನ್ನ ಪಕ್ಷವೇ. ಅಂಗಡಿಯ ಉರ್ಹೋ ನನ್ನ ಬಾಣದ ಮೊನೆಗಳನ್ನು ಕಾಗದದಲ್ಲಿ ಸುತ್ತುತ್ತಾ, "ಯಾರಿಗಮ್ಮಾ ಇದು? ಅರ್ವೋ ಬರ್ತಿದಾನಾ?" ಎಂದ.

"ನನಗೆ" ಎಂದೆ.

ಒಲೆಯ ಸುತ್ತ ಕುಳಿತಿದ್ದವರೆಲ್ಲ ನಕ್ಕರು. ಅವರಲ್ಲೊಬ್ಬ ಹೇಳಿದ, "ಲೆಂಪಿ, ಎಲ್ಕ್ ಏನು ನಿನ್ನ ಸಿಂಪಿ ಅನ್ಕೊಂಡ್ಯಾ, ಕೂತಲ್ಲೇ ಕೂತಿರುತ್ತೆ ಅಂತ? ಅದು ಓಡುತ್ತೆ ಕಣಮ್ಮಾ!"

"ಓಡಲಿ ಬಿಡಿ. ನಾನು ಓಡೋದಿಕ್ಕೆ ಹೋಗ್ತಿಲ್ಲ, ಕೂರೋದಿಕ್ಕೆ ಹೋಗ್ತಿದೀನಿ. ನೀವು ಮೂವತ್ತು ವರ್ಷದಿಂದ ಓಡೋಡಿ ಏನು ತಂದ್ರಿ, ನೆಗಡಿ!" ಎಂದೆ. ಉರ್ಹೋ ಚಿಲ್ಲರೆ ಎಣಿಸಿ ಕೊಟ್ಟ. ಕಾರ್ಖಾನೆಯಲ್ಲಿ ಸಮುದ್ರದ ಸಿಂಪಿಯ ಚಿಪ್ಪು ಬಿಚ್ಚಿ ಬಿಚ್ಚಿ ನನ್ನ ತೋಳು ಹೇಗಾಗಿದೆ ಎಂದು ಅವರಿಗೇನು ಗೊತ್ತು? ಬಿಲ್ಲು ಎಳೆಯುವುದು ಕಾಲಿನಿಂದ ಅಲ್ಲವಲ್ಲ.

ಗುಂಡಿಯನ್ನು ನನಗೆ ಯಾರೂ ತೋರಿಸಲಿಲ್ಲ. ಹುಡುಕಿದೆ. ಹುಡುಕಿ ಕಂಡುಕೊಂಡರೆ ಪದ್ಧತಿ ಮುರಿದ ಹಾಗಲ್ಲ, ಅದೂ ನಿನಗೆ ಗೊತ್ತು. ಅಪ್ಪ ಸಂಜೆ ಮನೆಗೆ ಬಂದಾಗ ಅವನ ಪ್ಯಾಂಟಿನ ಮೇಲೆ ಅಂಟಿರುತ್ತಿದ್ದ ಕಪ್ಪು ಮಣ್ಣು ನನಗೆ ನೆನಪಿತ್ತು, ಒಗೆಯುತ್ತಿದ್ದವಳು ನಾನೇ ತಾನೆ! ನದಿಯ ಮಣ್ಣು ಬೂದು, ರಸ್ತೆಯದು ಕೆಂಪು. ಈ ಕಪ್ಪು ಮಣ್ಣು ಬಿಸಿಲು ಬೀಳದ ಇಳಿಜಾರಿನಲ್ಲಿ, ಒರತೆ ಒಸರುವ ಕಡೆ ಮಾತ್ರ ಸಿಗುತ್ತದೆ. ಹಾಗಾಗಿ ಮರ ಕಡಿದು ಸಾಗಿಸುತ್ತಿದ್ದ ಹಳೆಯ ಲಾಗಿಂಗ್ ರಸ್ತೆ ಮುಗಿಯುವಲ್ಲಿಂದ ಉತ್ತರಕ್ಕೆ ತಿರುಗಿಕೊಂಡೆ.

ಮೊದಲು ಸಿಕ್ಕ ಗುಂಡಿ ನೋಡಿ ಕುಣಿದಾಡಿದೆ. ಅಂಚಿನಲ್ಲಿ ಹೆಜ್ಜೆಗಳಿದ್ದವು, ಆದರೆ ನೀರು ತಿಳಿಯಾಗಿ ತಳ ಕಾಣುತ್ತಿತ್ತು, ಮೇಲೆ ಸೂಜಿಯೆಲೆಗಳು ತೇಲುತ್ತಿದ್ದವು. ಬಿಟ್ಟುಹೋದ ಗುಂಡಿ ಅದು. ಅಲ್ಲಿ ಒಂದು ದಿನ ಕುಳಿತು ಸೊಳ್ಳೆಗಳಿಗೆ ಊಟ ಹಾಕಿ ಬಂದೆ. ಆಮೇಲೆ ಒಂದು ಸೀಡರ್ ಮರದ ಬುಡದಲ್ಲಿ ನನ್ನ ಎದೆಯೆತ್ತರಕ್ಕೆ ಕೆಸರು ಉಜ್ಜಿದ್ದು ಕಂಡಿತು, ಮುಟ್ಟಿದರೆ ಇನ್ನೂ ಹಸಿ. ಮುಂದೆ ಇನ್ನೊಂದು ಮರ, ಆಮೇಲೆ ಜರೀಗಿಡಗಳ ಮೇಲೆಲ್ಲ ಚಿಮ್ಮಿದ ಕೆಸರು. ಕೊನೆಗೆ ಬರೀ ವಾಸನೆಯೇ ನನ್ನನ್ನು ಎಳೆದುಕೊಂಡು ಹೋಯಿತು. ಗಂಡು ಎಲ್ಕ್ ಮದವೇರಿ ತನ್ನ ಉಚ್ಚೆಯನ್ನು ತಾನೇ ಹೊರಳುವ ಕೆಸರಿಗೆ ಬೆರೆಸುತ್ತದಲ್ಲ, ಆ ವಾಸನೆ. ಅಪ್ಪನ ಪ್ಯಾಂಟಿನ ವಾಸನೆಯೂ ಅದೇ. ನೀನು ನಗುತ್ತೀಯ, ಆದರೆ ನನಗೆ ಅಲ್ಲಿ ನಿಂತು ಅಳು ಬಂತು.

ಗುಂಡಿಯ ನೀರು ಹಾಲು ಹಾಕಿದ ಕಾಫಿಯ ಹಾಗೆ ಕಲಕಿತ್ತು. ನಾನು ಬರುವ ಸ್ವಲ್ಪ ಮುಂಚೆಯಷ್ಟೇ ಅದು ಎದ್ದು ಹೋಗಿತ್ತು.

ಮಾರನೆಯ ದಿನ ತಪ್ಪು ಮಾಡಿದೆ. ಗುಂಡಿಯ ಕೆಳಗಡೆ, ಬಿದ್ದ ಮರದ ಹಿಂದೆ ಕುಳಿತೆ. ಬೆಳಿಗ್ಗೆ ತಣ್ಣಗಿನ ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ನನ್ನ ವಾಸನೆ ಗುಂಡಿಗೆ ಹೋಗುವುದಿಲ್ಲ, ಎಲ್ಲ ಸರಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಮೋಡ ಹರಿದು ಬಿಸಿಲು ಬಂತು. ಅದೇ ಹೊತ್ತಿಗೆ ಗಂಡೂ ಬಂತು. ಅಬ್ಬಾ, ಆ ಕೊಂಬು! ನಾನು ಬಿಲ್ಲು ಎತ್ತುವಷ್ಟರಲ್ಲಿ ಬಿಸಿಲಿಗೆ ಗಾಳಿ ತಿರುಗಿ, ನನ್ನ ಬೆವರಿನ ವಾಸನೆ ಕತ್ತಿನ ಹಿಂದಿನಿಂದ ಮೇಲಕ್ಕೆ, ಗುಂಡಿಯ ಕಡೆ ಹೊರಟಿತ್ತು. ಮೂಗು ಎತ್ತಿತು, ಒಂದು ಸಲ ಬುಸ್ಸೆಂದಿತು, ಕಾಡೇ ಮುರಿದುಬಿದ್ದ ಸದ್ದು ಮಾಡಿ ಹೋಯಿತು. ಹಬೆಸ್ನಾನದ ಸೌನಾದ ಒಲೆಯಿಂದ ತೆಗೆದ ಬೂದಿಯ ಚೀಲ ಸೊಂಟದಲ್ಲೇ ಇತ್ತು. ಒಂದು ಸಲ ತಟ್ಟಿ ಬೂದಿ ಯಾವ ಕಡೆ ಹಾರುತ್ತದೆಂದು ನೋಡಿದ್ದರೆ ಸಾಕಿತ್ತು. ನನ್ನನ್ನು ನಾನೇ ಬೈದುಕೊಂಡೆ, ಅಪ್ಪ ಬೈಯುತ್ತಿದ್ದ ಫಿನ್ನಿಶ್ ಬೈಗುಳಗಳೆಲ್ಲ ಖರ್ಚಾದವು.

ಪಕ್ಕದ ಮನೆಯ ಹಿಲ್ಮಾ ಆ ಸಂಜೆ ಬಂದು ನನ್ನ ಮುಖ ನೋಡಿ, "ಏನೇ, ಎಲ್ಕ್ ಮದುವೆ ಆಗಲ್ಲ ಅಂತಾ?" ಎಂದಳು.

"ಬಂತು, ನೋಡಿತು, ವಾಸನೆ ಸರಿ ಇಲ್ಲ ಅಂತ ಹೋಯ್ತು."

"ನಮ್ಮೆಜಮಾನ್ರೂ ಮೊದಲ ದಿನ ಹಾಗೇ ಹೋಗಿದ್ರು. ಮತ್ತೆ ಬಂದ್ರಲ್ಲ. ಸೌನಾ ಕಾಯಿಸು, ಮೈ ಉಜ್ಕೋ, ನಾಳೆ ಮೇಲ್ಗಡೆ ಕೂತ್ಕೋ" ಎಂದಳು.

ನಾಳೆ ಎಂದರೆ ನಾಳೆ ಅಲ್ಲ. ಹೆದರಿದ ಎಲ್ಕ್ ಸುಮ್ಮನೆ ಮರಳುವುದಿಲ್ಲ. ಒಂದು ವಾರ ನಾನು ಆ ಕಡೆ ಹೋಗಲೇ ಇಲ್ಲ. ಆಮೇಲೆ ಗುಂಡಿಯ ಮೇಲಿನ ದಿಬ್ಬದಲ್ಲಿರುವ ದೊಡ್ಡ ಸ್ಪ್ರೂಸ್ ಮರವನ್ನು ಹತ್ತಿ ಕುಳಿತೆ. ಹೇಗೆ ಹತ್ತಿದೆ ಎಂದು ನೀನು ಈಗ ಕೇಳುತ್ತೀಯ. ಸದ್ಯಕ್ಕೆ ಹತ್ತಿದೆ ಎಂದಷ್ಟೇ ತಿಳಿದುಕೋ.

ಬಿಸಿಲು ಏರಿತು. ಬೂದಿ ತಟ್ಟಿದರೆ ಅದು ನನ್ನ ಬೆನ್ನ ಹಿಂದಕ್ಕೆ ಮೇಲೆ ಮೇಲೆ ಹೋಗುತ್ತಿತ್ತು. ದೂರದಲ್ಲಿ ಅದು ಕೂಗಿದ್ದು ಕೇಳಿತು, ಮೊದಲು ಗೊಗ್ಗರು, ಆಮೇಲೆ ಸಿಳ್ಳೆ. ನಾನು ಹೆಣ್ಣೆಲ್ಕಿನ ಹಾಗೆ ಒಂದೇ ಒಂದು ಸಲ ಕುಂಯ್ ಎಂದೆ. ಜಾಸ್ತಿ ಕರೆದರೆ ಅನುಮಾನ ಪಡುತ್ತದೆ. ಬಂತು, ಅದೇ ಗಂಡು. ಗುಂಡಿಗೆ ಇಳಿದು ಮುಂಗಾಲಿನಿಂದ ನೀರು ಬಡಿಯಿತು, ಕೊಂಬಿನಿಂದ ಕೆಸರು ಅಗೆದು ಬೆನ್ನಿಗೆ ಎರಚಿಕೊಂಡಿತು, ಆಮೇಲೆ ಮಗುವಿನ ಹಾಗೆ ದೊಪ್ಪನೆ ಬಿದ್ದು ಹೊರಳಿತು. ಅಷ್ಟು ದೊಡ್ಡ ಪ್ರಾಣಿ ಅಷ್ಟು ಸುಖಪಡುವುದನ್ನು ನಾನು ಎಂದೂ ನೋಡಿರಲಿಲ್ಲ. ಬಿಲ್ಲಿನ ಹುರಿಯ ಮೇಲೆ ನನ್ನ ಬೆರಳಿತ್ತು, ಬಿಟ್ಟಿದ್ದರೆ ಅಲ್ಲೇ ಮುಗಿಯುತ್ತಿತ್ತು. ಆದರೆ ಗುಂಡಿಯೊಳಗೆ ಹೊಡೆಯಬಾರದು, ರಕ್ತ ಬಿದ್ದ ಗುಂಡಿಗೆ ಇನ್ನೊಂದು ಬರುವುದಿಲ್ಲ. ಅಪ್ಪ ನಿನಗೆ ಹೇಳಿದ್ದು ಅಡುಗೆಮನೆಯಲ್ಲಿದ್ದ ನನಗೂ ಕೇಳಿಸುತ್ತಿತ್ತು. ಕಾದೆ. ಎದ್ದಿತು, ಮೈ ಕೊಡವಿತು, ಸೀಡರ್ ಮರಕ್ಕೆ ಹೋಗಿ ಪಕ್ಕೆ ಉಜ್ಜಲು ಅಡ್ಡ ನಿಂತಿತು. ಆಗ ಬಿಟ್ಟೆ.

ಬಾಣ ಬಿಟ್ಟಮೇಲೆ, ಪೆಟ್ಟು ತಿಂದದ್ದು ಬೆದರಿ ದೂರ ಓಡದಿರಲೆಂದು, ಒಂದು ಫ್ಲಾಸ್ಕ್ ಕಾಫಿ ಮುಗಿಯುವವರೆಗೆ ಮರದಿಂದ ಇಳಿಯಬಾರದು. ಅದನ್ನೂ ಪಾಲಿಸಿದೆ, ಕಾಫಿ ಅರ್ಧ ಮಡಿಲಿಗೇ ಚೆಲ್ಲಿತು. ಗಂಡು ಹತ್ತಿರದಲ್ಲೇ, ಜರೀಗಿಡಗಳ ನಡುವೆ ಬಿದ್ದಿತ್ತು. ಕಣ್ಣು ಮುಚ್ಚಿಸಿ ಚಾಕು ತೆಗೆದೆ.

ಕೆಸರು ಮೆತ್ತಿದ ಚರ್ಮ ಮಾಂಸಕ್ಕೆ ತಾಕದ ಹಾಗೆ ಸುಲಿಯುವುದು ಎಷ್ಟು ಕಷ್ಟ ಎಂದು ನಿನಗೆ ಹೇಳಬೇಕಿಲ್ಲ. ಮೂಳೆ ಬಿಡಿಸಿ, ಬಟ್ಟೆ ಚೀಲದಲ್ಲಿ ತುಂಬಿ, ಬೆನ್ನಿಗೆ ಕಟ್ಟಿಕೊಂಡು ಲಾಗಿಂಗ್ ರಸ್ತೆಯವರೆಗೆ ನಾನೊಬ್ಬಳೇ ಹೊತ್ತೆ. ಆ ದಿನವೂ ಹೊತ್ತೆ, ಮಾರನೆಯ ದಿನವೂ ಹೊತ್ತೆ. ಹಿಲ್ಮಾ ಕುದುರೆ ಹಿಡಿದುಕೊಂಡು ರಸ್ತೆಯಲ್ಲೇ, ಕಾಡಿಗೆ ಬೆನ್ನು ಹಾಕಿ ಕುಳಿತಿದ್ದಳು. "ಎಲ್ಲಿಂದ ತರ್ತಿದೀಯ ಅಂತ ನಾನಂತೂ ಕೇಳಲ್ಲಮ್ಮಾ. ಆದ್ರೆ ಈ ಕುದುರೆ ಕಿವಿ ನೆಟ್ಟಗೆ ಮಾಡ್ಕೊಂಡು ನೋಡ್ತಿದೆ, ಇದರ ಬಾಯಿ ಭದ್ರ ಇಲ್ಲ" ಎಂದಳು. ನೋಡು, ಪದ್ಧತಿಯನ್ನು ನಾನು ಹೀಗೆ ಕಾಪಾಡಿದೆ.

ಕೊಂಬನ್ನು ತೊಳೆಯದೆ, ಕೆಸರಿನ ಸಮೇತ ಟ್ರಕ್ಕಿನ ಹಿಂದೆ ಹಾಕಿಕೊಂಡು ಅಂಗಡಿಯ ಮುಂದೆ ನಿಲ್ಲಿಸಿದೆ. ಬೇಕೆಂದೇ ನಿಲ್ಲಿಸಿದೆ. ಒಬ್ಬೊಬ್ಬರೇ ಹೊರಗೆ ಬಂದರು. ಎಲ್ಲಿ ಎಂದು ಕೇಳುವ ಹಾಗಿಲ್ಲ, ಕೇಳದೆ ಇರಲಾಗುತ್ತಿಲ್ಲ, ಅವರ ಅವಸ್ಥೆ ನೋಡಬೇಕಿತ್ತು ನೀನು. ಉರ್ಹೋ ಟೋಪಿ ತೆಗೆದ. "ಏನು ಬೇಕಿತ್ತಮ್ಮಾ?" ಎಂದ. "ಉಪ್ಪು, ಜಾಸ್ತಿ ಕೊಡು" ಎಂದೆ.

ಹಾಗಾಗಿ ಅಣ್ಣ, ಈ ಸಲ ಕ್ಲಿಫ್‌ನನ್ನು ಕರೆದುಕೊಂಡು ಬರಬೇಡ. ಒಂದು ಗುಂಡಿಗೆ ವರ್ಷಕ್ಕೆ ಒಂದೇ ಎಲ್ಕ್, ಅದೂ ನಮ್ಮ ಪದ್ಧತಿಯೇ. ಮುಂದಿನ ವರ್ಷವೂ ಕರೆತರಬೇಡ. ಊರಿನಲ್ಲಿ ಇರುವವಳು ನಾನು, ಆ ಕೆಸರನ್ನು ಒಗೆದವಳು ನಾನು, ಹುಡುಕಿ ಕಂಡುಕೊಂಡವಳೂ ನಾನು. ಗುಂಡಿ ಇನ್ನು ನನ್ನದು. ಇದು ಬೇಡಿಕೆಯಲ್ಲ, ತಿಳಿಸುತ್ತಿದ್ದೇನೆ ಅಷ್ಟೆ.

ಮಾಂಸದಲ್ಲಿ ನಿಮ್ಮ ಪಾಲನ್ನು ಹೊಗೆಗೆ ಹಾಕಿದ್ದೇನೆ, ಆ ಕಡೆ ಯಾರಾದರೂ ಬಂದರೆ ಕಳಿಸುತ್ತೇನೆ. ಅತ್ತಿಗೆಯ ಕೆಮ್ಮು ವಾಸಿಯಾಗಲಿ, ನಿನ್ನ ಮರಗಳ ಕೊಂಬೆ ಸೇಬಿನ ಭಾರಕ್ಕೆ ಬಾಗಲಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ನನ್ನ ಸಿಟ್ಟು ಎಷ್ಟಿದ್ದರೂ ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ನಿನ್ನ ತಂಗಿ,
ಲೆಂಪಿ

ಮರೆತಿಲ್ಲ, ಬೇಕೆಂದೇ ಕೊನೆಗೆ ಉಳಿಸಿಕೊಂಡೆ: ಮರ ಹತ್ತಿದ್ದು ಹೇಗೆ ಎಂಬುದು.

ಹೋದ ವರ್ಷ ಬೇಸಿಗೆಯಲ್ಲಿ ಅಪ್ಪ ನನ್ನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ಎಡಗಾಲು ಎಷ್ಟು ಎತ್ತಬಲ್ಲೆ ಎಂದು ದಾರ ಹಿಡಿದು ಅಳತೆ ತೆಗೆದುಕೊಂಡಿದ್ದು ನಿನಗೆ ನೆನಪಿದೆಯೆ? ನೀನೂ ಇದ್ದೆ, ಏನಪ್ಪಾ ಇದು ಎಂದು ನಕ್ಕಿದ್ದೆ. "ಸೌನಾಕ್ಕೆ ಇವಳಿಗೆ ಆಗೋ ಥರ ಮೆಟ್ಟಿಲು ಮಾಡ್ತೀನಿ" ಎಂದಿದ್ದ. ಸೌನಾಕ್ಕೆ ಮೆಟ್ಟಿಲು ಬರಲೇ ಇಲ್ಲ. ಆಮೇಲೆ ಲಕ್ವ ಹೊಡೆದು ಮಾತು ಹೋಯಿತು, ಫೆಬ್ರವರಿಯಲ್ಲಿ ಅವನೇ ಹೋದ. ಹಾಸಿಗೆಯಲ್ಲಿ ಮಲಗಿದ್ದಷ್ಟು ದಿನವೂ ನನ್ನ ಎಡ ಮೊಣಕಾಲನ್ನು ತಟ್ಟುತ್ತಲೇ ಇದ್ದ. ಪಾಪ, ಕಾಲಿನ ಬಗ್ಗೆ ಮರುಗುತ್ತಿದ್ದಾನೆ ಎಂದುಕೊಂಡೆ.

ಮೆಟ್ಟಿಲುಗಳು ಆ ಸ್ಪ್ರೂಸ್ ಮರದಲ್ಲಿವೆ. ಸೀಡರ್ ತುಂಡುಗಳು, ಎರಡೂ ಪಾದ ಇಡುವಷ್ಟು ಅಗಲ, ಒಂದೊಂದೂ ನನ್ನ ಎಡಗಾಲು ಏರುವಷ್ಟೇ ಎತ್ತರ. ಹಿಡಿಗೂಟಗಳೆಲ್ಲ ಎಡಗಡೆ. ನಾನು ಒಂದು ಕಡೆಯೂ ತಡವರಿಸದೆ ಮೇಲೆ ಹೋದೆ. ಮೇಲಿನ ಹಲಗೆಯನ್ನೂ ಎಡಗಾಲು ಚಾಚಿಕೊಳ್ಳಲು ಬರುವ ಹಾಗೆ ಕೊರೆದಿದ್ದಾನೆ. ಒಬ್ಬರು ಒಬ್ಬರಿಗೇ ತೋರಿಸಬೇಕೆಂಬ ನಿಯಮವನ್ನು ಮುರಿದದ್ದು ನಾನಲ್ಲ ಅರ್ವೋ, ನನಗೂ ತೋರಿಸಲೆಂದು ಈ ಮೆಟ್ಟಿಲು ಕಟ್ಟಿದ ಅಪ್ಪ.

ಹೋದ ವರ್ಷ ಸೆಪ್ಟೆಂಬರಿನಲ್ಲಿ ನೀನು ಅದೇ ಮರ ಹತ್ತಿ ಕುಳಿತಿದ್ದೆ. ನಿನ್ನ ತಂಬಾಕಿನ ಡಬ್ಬಿ ಹಲಗೆಯ ಮೂಲೆಯಲ್ಲೇ ಇತ್ತು, ತಂದಿಟ್ಟಿದ್ದೇನೆ. ಅಷ್ಟುದ್ದ ಕಾಲಿನವನು ಆ ಗಿಡ್ಡ ಮೆಟ್ಟಿಲುಗಳಲ್ಲಿ ಹತ್ತುವಾಗ ಮೊಣಕಾಲು ಗದ್ದಕ್ಕೆ ಬಡಿಯಲಿಲ್ಲವೆ? ಯಾರ ಅಳತೆ ಎಂದು ನಿನಗೆ ಗೊತ್ತಾಗಲಿಲ್ಲವೆ? ಮಣ್ಣು ಮಾಡಿದ ದಿನ, ನಾನು ಮಾಡಿದ ಏಲಕ್ಕಿ ಬ್ರೆಡ್ಡು ತಿನ್ನುತ್ತಾ ಕುಳಿತಿದ್ದಾಗ, ಅಪ್ಪ ಗುಂಡಿಯ ವಿಷಯದಲ್ಲಿ ನನ್ನ ಹೆಸರೇನಾದರೂ ಎತ್ತಿದ್ದನಾ ಎಂದು ನಿನ್ನನ್ನು ಕೇಳಿದೆ. "ಇಲ್ಲ ಲೆಂಪಿ, ಅವನಿಗೆ ನಿನ್ನ ನೆನಪೇ ಬರಲಿಲ್ಲ" ಎಂದೆ ನೀನು. ಏಳು ತಿಂಗಳು ನಾನು ಅದನ್ನು ನಂಬಿಕೊಂಡು ಬದುಕಿದೆ. ಗುಂಡಿ ಬೇಕೆಂದು ನೀನು ಕೇಳಿದ್ದರೆ ಕೊಟ್ಟೇಬಿಡುತ್ತಿದ್ದೆನೇನೋ. ಅಪ್ಪನನ್ನು ಯಾಕೆ ಕಿತ್ತುಕೊಂಡೆ?

ಡಬ್ಬಿ ಬೇಕಿದ್ದರೆ ನೀನೇ ಬಂದು ತೆಗೆದುಕೊಂಡು ಹೋಗು. ಅಂಚೆಯಲ್ಲಿ ಕಳಿಸುವುದಿಲ್ಲ.