ಜೈಬುವಿನ ಖರ್ಜೂರದ ಬೀಜಗಳು

ಅನಂತು,

ಹಾಗೇನಿಲ್ಲ ಅಂತ ನಿನ್ನೆ ಹೊರಡುವಾಗ ಹೇಳಿದೆನಲ್ಲ, ಅದು ಸುಳ್ಳು ಕಣೋ. ನಿನ್ನ ಮಗಳು ಹಂಸಾ ಲಿಫ್ಟಿನ ತನಕ ಬಂದು, "ಅಂಕಲ್, ಆಪ್ ಠೀಕ್ ಹೋ ನಾ? ಮುಖ ಏನೋ ಡಲ್ ಲಗ್ ರಹಾ ಹೈ" ಎಂದಳು. ಹಾಗೇನಿಲ್ಲಮ್ಮ ಎಂದು ಒಳಗೆ ನುಗ್ಗಿಬಿಟ್ಟೆ. ನೋಯ್ಡಾದಿಂದ ಪೀತಮ್‌ಪುರದವರೆಗೂ ಮೆಟ್ರೊದಲ್ಲಿ ನಿನ್ನ ಬಲಗೈಯೇ ಕಣ್ಣ ಮುಂದೆ. ನಮ್ಮ ಸ್ಟೇಷನ್ ದಾಟಿ ಮುಂದಕ್ಕೆ ಹೋಗಿ, ಮತ್ತೆ ಹಿಂದಕ್ಕೆ ಬಂದೆ.

ಹಂಸಾಗೆ ಕನ್ನಡ ಓದಲು ಬರುವುದಿಲ್ಲ. ಅದೇ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಅವಳು ಇದನ್ನು ನಿನ್ನ ಕಣ್ಣೆದುರು ಹಿಡಿದರೆ ಸಾಕು. ಪಾರ್ಶ್ವವಾಯು ನಿನ್ನ ಮಾತು ಕಿತ್ತುಕೊಂಡಿತು, ಬಲಗೈಯ ಅರ್ಧ ಶಕ್ತಿ ಕಿತ್ತುಕೊಂಡಿತು, ಓದನ್ನು ಮಾತ್ರ ಉಳಿಸಿದೆ ಎಂದು ಡಾಕ್ಟರು ಹೇಳಿದ್ದಾರೆ. ಥ್ಯಾಂಕ್ಸ್ ಟು ಗಾಡ್. ಅದು ಥ್ಯಾಂಕ್ ಗಾಡ್ ಇರಬೇಕು, ಬಿಡು. ಚಿತ್ರದುರ್ಗದ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತ ಇಂಗ್ಲಿಷು, ಯಾರದು ಎಷ್ಟು ಉಳಿದಿದೆಯೋ.

ಪಾಯಿಂಟ್ ಏನೆಂದರೆ, ಬೀಜ.

ನಮ್ಮ ಮನೆಗೆ ನೀನು ರಂಜಾನಿಗೆ ಬಂದಾಗಲೆಲ್ಲ ನನ್ನ ಜೈಬು ನಿನ್ನ ತಟ್ಟೆಯಿಂದ ಖರ್ಜೂರದ ಬೀಜ ಆರಿಸಿಕೊಳ್ಳುತ್ತಿದ್ದಳು. "ಏನತ್ತಿಗೆ, ಹಣ್ಣು ನಮಗೆ, ಬೀಜ ನಿಮಗಾ?" ಎಂದು ನೀನು ರೇಗಿಸಿದ್ದಕ್ಕೆ ಅವಳು, ಮನೆಯಲ್ಲಿ ದಖನಿ ಉರ್ದು ಬಿಟ್ಟು ಬೇರೆ ಆಡದವಳು, ನಿನಗೋಸ್ಕರ ಕನ್ನಡದಲ್ಲಿ ಹೇಳಿದಳು: "ಹಣ್ಣು ಹೊಟ್ಟೆಗೆ ಅಣ್ಣಾ, ಬೀಜ ಅಲ್ಲಾಹುಗೆ." ತೊಳೆದು, ಬಾಲ್ಕನಿಯಲ್ಲಿ ಒಣಗಿಸಿ, ಹಳೆಯ ಬೋರ್ನ್‌ವೀಟಾ ಡಬ್ಬಿಗೆ ತುಂಬುವಳು. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಕಿಟಕಿ ಹತ್ತಿರ ಕೂತಳೆಂದರೆ ಅದೇ ಜಿಕ್ರ್. ಒಂದು ಬೀಜ ಎತ್ತುವುದು, ಲಾ ಇಲಾಹ ಇಲ್ಲಲ್ಲಾಹ್ ಅನ್ನುವುದು, ಅಗಲ ತಟ್ಟೆಯಂಥ ಸ್ಟೀಲ್ ಪರಾತಕ್ಕೆ ಬಿಡುವುದು. ಟಿಕ್. ಮತ್ತೊಂದು. ಟಿಕ್. ನಾನೋ ಶುಕ್ರವಾರದ ಮುಸಲ್ಮಾನ. ಪೇಪರ್ ಹಿಡಿದು ಕೂತವನಿಗೆ ಆ ಸದ್ದು ಫ್ಯಾನಿನ ಸದ್ದಿನ ಹಾಗೆ, ಇದ್ದಾಗ ಕೇಳಿಸುತ್ತಲೇ ಇರಲಿಲ್ಲ.

ತುಟಿ ಅಲ್ಲಾಡಿಸದೆ ಅದನ್ನು ಹೇಳಬಹುದು ಎಂದು ಒಮ್ಮೆ ನಿನಗೆ ತೋರಿಸಿದಳು, ನೆನಪಿದೆಯಾ? "ಸಾಯೋ ಹೊತ್ತಿಗೆ ತುಟೀಲಿ ಶಕ್ತಿ ಇರಲ್ಲ ಅಣ್ಣಾ. ಅದಕ್ಕೇ ನಾಲಿಗೆ ಒಂದೇ ಸಾಕು ಅಂತ ಅಲ್ಲಾಹು ಮಾಡಿಟ್ಟಿದಾನೆ." ನೀನು ಗಂಭೀರವಾಗಿ ತಲೆಯಾಡಿಸಿ, "ನಮ್ಮ ಡೆಪ್ಯುಟಿ ಸೆಕ್ರೆಟರಿ ಎದುರು ಬೈಯೋಕೂ ಇಂಥದ್ದೊಂದು ಇದ್ದಿದ್ರೆ ನಾನು ಇಷ್ಟು ಬೇಗ ಮುದುಕ ಆಗ್ತಿರಲಿಲ್ಲ" ಎಂದೆ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಅವಳು ಹೋದ ಮೂರನೇ ದಿನ ಜಿಯಾರತ್. ನಡುಮನೆಯಲ್ಲಿ ಬಿಳಿ ಚಾದರ ಹಾಸಿ ಅವಳದೇ ಬೀಜಗಳನ್ನು ಪರಾತಕ್ಕೆ ಸುರಿದಿದ್ದೆವು. ಪಕ್ಕದಲ್ಲಿ ಇನ್ನೊಂದು ಖಾಲಿ ಪರಾತ. ತುಂಬಿದ್ದರಿಂದ ಒಂದು ಹಿಡಿ ತೆಗೆದುಕೊಂಡು, ಬೀಜಕ್ಕೊಂದು ಸಲ ಅದೇ ಲಾ ಇಲಾಹದ ಕಲ್ಮಾ ಹೇಳಿ, ಆಚೆಯದಕ್ಕೆ ಹಾಕಬೇಕು. ಎಲ್ಲವೂ ಆಚೆ ಸೇರಿದ ಮೇಲೆ ದುವಾ, ಆಮೇಲೆ ಚಹಾ, ಆಮೇಲೆ ಎಲ್ಲರೂ ಅವರವರ ಮನೆಗೆ. ನೀನು ತಲೆಗೆ ಕರವಸ್ತ್ರ ಕಟ್ಟಿಕೊಂಡು ಬಂದು ಸರಿಯಾಗಿ ಎರಡು ಪರಾತಗಳ ನಡುವೆ ಕೂತೆ. ಪಕ್ಕದವರು ಸರಿದು ಜಾಗ ಕೊಟ್ಟರು. ನೀನು ತುಟಿ ಮುಚ್ಚಿಕೊಂಡಿದ್ದೆ. ಕಲ್ಮಾ ಹೇಳುತ್ತಿದ್ದೀಯೋ, ರಾಮನಾಮವೋ, ಸುಮ್ಮನೆ ಬೀಜ ಮುಟ್ಟುತ್ತಿದ್ದೀಯೋ, ಯಾರಿಗೆ ಗೊತ್ತಾಗಬೇಕು.

ಅವತ್ತು ಬೀಜ ಮುಗಿಯಲೇ ಇಲ್ಲ ಅನಂತು. ಜನ ಹೇಳುತ್ತಲೇ ಇದ್ದಾರೆ, ಹಾಕುತ್ತಲೇ ಇದ್ದಾರೆ, ತುಂಬಿದ ಪರಾತದ ತಳ ಕಾಣುತ್ತಿಲ್ಲ. ಮೌಲವಿ ಸಾಹೇಬರು ಗಡಿಯಾರ ನೋಡಿಕೊಂಡು, "ಕ್ಯಾ ಬಾತ್ ಹೈ ಭಾಯಿ, ಖತಮ್ ಹೀ ನಹೀಂ ಹೋತಾ" ಎಂದರು. ಆಗ ಒಳಗಿನ ಕೋಣೆಯಲ್ಲಿ, ದುರ್ಗದಿಂದ ಬಂದಿದ್ದ ಅವಳ ತಂಗಿ ಗಟ್ಟಿಯಾಗಿ ಅತ್ತಳು: "ಆಪಾಕು ಜಾನೇಕಾ ದಿಲ್ ನೈ!" ಅಕ್ಕನಿಗೆ ಹೋಗಲು ಮನಸ್ಸಿಲ್ಲವಂತೆ. ಹೆಂಗಸರೆಲ್ಲ ಒಮ್ಮೆಲೇ ಸೆರಗು ತಲೆಗೆ ಎಳೆದುಕೊಂಡರು. ನನ್ನ ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟ ಹಾಗಾಯಿತು.

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಬಿ.ಎ. ಓದಿದವನು, ಕೇಂದ್ರ ಸರ್ಕಾರದಲ್ಲಿ ಫೈಲು ನೋಡಿದವನು, ಗುರುವಾರ ಸಂಜೆ ಸತ್ತವರ ರೂಹ್ ಮನೆಗೆ ಬರುತ್ತದೆ ಎಂದು ಅಜ್ಜಿ ಹೇಳುತ್ತಿದ್ದುದನ್ನು ನಂಬತೊಡಗಿದೆ. ಅಸರ್ ಹೊತ್ತಿಗೆ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಅವಳ ಕುರ್ಚಿಯ ಮೇಲೆ ಬಟ್ಟೆ ಇಡುವುದಿಲ್ಲ. ಡಬ್ಬಿ ಅವಳ ಕಿಟಕಿಯಲ್ಲೇ ಇತ್ತು. ಬೆಳಕು ಇಳಿಯುವ ಹೊತ್ತಿಗೆ ಆ ಕಡೆಯಿಂದ ಟಿಕ್ ಅನ್ನುತ್ತದೆ. ಮೊದಲು ಹೆದರಿದೆ. ಆಮೇಲೆ ಕಾಯತೊಡಗಿದೆ. "ಇದ್ದೀಯೇನೇ?" ಎಂದು ಕೇಳುತ್ತೇನೆ. ಕೋಣೆ ಕೇಳಿಸಿಕೊಳ್ಳುವುದು ತಿಳಿಯುತ್ತದೆ. ಯಾರಿಗೂ ಹೇಳಿಲ್ಲ. ಹೋಗಲು ಮನಸ್ಸಿಲ್ಲದವಳು ಉಳಿದುಕೊಂಡಿದ್ದಾಳೆ, ಇಬ್ಬರೂ ಇದ್ದೇವೆ, ಇಷ್ಟೇ ನನ್ನ ಸಂಸಾರ. ಅದಕ್ಕೇ ಊರಿಗೆ ಬಾ ಎಂದು ಯಾರು ಕರೆದರೂ ಹೋಗಲಿಲ್ಲ.

ಇನ್ ದ ಮೀನ್‌ಟೈಮ್ ನೀನು ಬಿದ್ದೆ.

ಫಿಸಿಯೊದವನು ತಟ್ಟೆಯಿಂದ ತಟ್ಟೆಗೆ ರಾಜ್ಮಾ ಕಾಳು ಹಾಕಿಸಲು ಹೇಳಿದ್ದಾನೆ, ಅಪ್ಪ ಎಲ್ಲ ಬಿಸಾಕ್ತಾರೆ ಎಂದು ಹಂಸಾ ಫೋನಿನಲ್ಲಿ ಗೋಳಾಡಿದಳು. ಜೈಬುವಿನ ಡಬ್ಬಿ ನೆನಪಾಯಿತು. ನಿನ್ನ ಕೈ ಬಲ್ಲ ಬೀಜ. ನಿನ್ನೆ ಅದಕ್ಕೇ ತಂದದ್ದು, ಬೇರೇನೂ ಮನಸ್ಸಿನಲ್ಲಿರಲಿಲ್ಲ. ನೀನು ಬಿಸಾಡಲಿಲ್ಲ. ಎಷ್ಟು ಮೆತ್ತಗೆ ಒಂದೊಂದೇ ಎತ್ತಿ ಆಚೆ ತಟ್ಟೆಗೆ ಬಿಡುತ್ತಿದ್ದೆ! ಹಂಸಾ ಚಪ್ಪಾಳೆ ತಟ್ಟಿದಳು. ಈಚೆ ತಟ್ಟೆಯಲ್ಲಿ ಎರಡೋ ಮೂರೋ ಉಳಿದಾಗ ನಾನು, "ಮುಗಿಸಪ್ಪ, ಮೆಟ್ರೊ ರಶ್ ಆಗೋದ್ರೊಳಗೆ ನಾನು ಹೊರಡ್ತೀನಿ" ಎಂದು ಎದ್ದೆ.

ನೀನು ನನ್ನ ಮುಖ ನೋಡಲಿಲ್ಲ. ತುಟಿ ಮುಚ್ಚಿಕೊಂಡೇ, ತುಂಬಿದ ತಟ್ಟೆಯಿಂದ ಒಂದು ಹಿಡಿ ತೆಗೆದು ಖಾಲಿಯಾಗುತ್ತಿದ್ದ ತಟ್ಟೆಗೆ ಸುರಿದೆ.

"ಅರೇ ಅಪ್ಪಾ! ಯೇ ತೋ ಚೀಟಿಂಗ್ ಹೈ!" ಹಂಸಾ ನಕ್ಕಳು, ನಾನೂ ನಕ್ಕು ಕೂತೆ. ಮತ್ತೆ ಮುಗಿಯುತ್ತಾ ಬಂತು. "ಹೊರಡ್ಲಾ?" ಎಂದೆ. ಮತ್ತೆ ಒಂದು ಹಿಡಿ ಈಚೆಗೆ. ಅದೇ ತಗ್ಗಿಸಿದ ಕಣ್ಣು, ಅದೇ ಬಿಗಿದ ತುಟಿ, ಬೇರೆ ಯಾವುದೋ ಯೋಚನೆಯಲ್ಲಿ ಇರುವವನ ಹಾಗೆ. ಆಗ ನನಗೆ ನಮ್ಮ ನಡುಮನೆ, ಬಿಳಿ ಚಾದರ, ಎರಡು ಪರಾತಗಳ ನಡುವೆ ಕರವಸ್ತ್ರ ಕಟ್ಟಿದ ತಲೆ ಕಂಡಿತು.

ನೀನಾ? ಅವತ್ತೂ ನೀನಾ?

ದುವಾ ಆದರೆ ಜನ ಏಳುತ್ತಾರೆ, ಜನ ಎದ್ದರೆ ಈ ಖಾಸೀಮ ಆ ಮನೆಯಲ್ಲಿ ಒಬ್ಬನೇ ಆಗುತ್ತಾನೆ ಎಂದುಕೊಂಡು, ಕಲ್ಮಾ ಹೇಳಿಯಾದ ಬೀಜಗಳನ್ನೆಲ್ಲ ಹಿಡಿಹಿಡಿಯಾಗಿ ಹಿಂದಕ್ಕೆ ಹಾಕುತ್ತಾ ಕೂತಿದ್ದೆಯಾ? ದಡ್ಡ. ನಿನ್ನಿಂದ ಅವಳಿಗೆ ಎಷ್ಟು ಕಲ್ಮಾ ಹೆಚ್ಚಿಗೆ ಸಿಕ್ಕಿತೋ, ಆ ಲೆಕ್ಕ ಅಲ್ಲಾಹುಗೇ ಬಿಟ್ಟದ್ದು. ನಿನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ಳಬೇಕಿತ್ತು. ನಾನು ಓಡಿಬಂದೆ. ಯಾಕೆಂದರೆ ಅದು ನೀನಾಗಿದ್ದರೆ ಅವಳಲ್ಲ. ಅವಳಿಗೆ ಮನಸ್ಸಿಲ್ಲದೆ ಬೀಜ ಮುಗಿಯಲಿಲ್ಲ ಎಂದುಕೊಂಡೇ ಇಷ್ಟು ತಿಂಗಳು ಉಸಿರಾಡಿದ್ದೇನೆ. ಅವಳು ಅವತ್ತೇ ನೆಮ್ಮದಿಯಾಗಿ ಹೋಗಿದ್ದರೆ, ಗುರುವಾರಗಳಲ್ಲಿ ನಾನು ಯಾರನ್ನು ಮಾತಾಡಿಸಿದೆ? ಲಿಫ್ಟಿನಲ್ಲಿ ಎರಡನೇ ಸಲ ವಿಧುರನಾದೆ ಕಣೋ.

ಕಾಲೇಜಿನಲ್ಲಿ ಒಂದು ಇಂಗ್ಲಿಷ್ ಪದ ಇತ್ತು. ಹೋಗಬೇಕಾದವರು ಹೋಗದೆ ತಡೆದು ನಿಲ್ಲುವುದಕ್ಕೆ. ಪೋಸ್ಟ್‌ಪೋನ್ ಅಲ್ಲ. ಬೆಳಗಿನಿಂದ ಹುಡುಕುತ್ತಿದ್ದೇನೆ. ಟ್ಯಾರಿ. ಟ್ಯಾರಿಯೇ ಇರಬೇಕು. ನೀನು ನನ್ನನ್ನು ನಿಲ್ಲಿಸಿಕೊಂಡೆ, ನಾನು ಅವಳನ್ನು ನಿಲ್ಲಿಸಿಕೊಂಡೆ. ಜಿಕ್ರ್ ಅಂದರೆ ನೆನೆಯುವುದು ಅಷ್ಟೆ, ಹಿಡಿದಿಟ್ಟುಕೊಳ್ಳುವುದಲ್ಲ ಎಂದು ಅವಳು ಹೇಳುತ್ತಿದ್ದಳು. ಬೀಜ ಎತ್ತಿದರೆ ಬಿಡಲೇಬೇಕು.

ಇವತ್ತು ಗುರುವಾರ. ಡಬ್ಬಿ ನಿನ್ನ ಹಾಸಿಗೆಯ ಪಕ್ಕದಲ್ಲಿದೆ. ಈ ಮನೆಯಲ್ಲಿ ಒಂದು ಬೀಜವೂ ಇಲ್ಲ, ಪರಾತ ಅಡುಗೆಮನೆಯಲ್ಲಿ ಬೋರಲು ಬಿದ್ದಿದೆ. ಮಧ್ಯಾಹ್ನದಿಂದ ಅವಳ ಕಿಟಕಿಯಲ್ಲೇ ಕೂತು, ಕಲ್ಮಾ ಹೇಳುತ್ತಾ ಬರೆಯುತ್ತಿದ್ದೇನೆ, ಬರೆಯುತ್ತಾ ಹೇಳುತ್ತಿದ್ದೇನೆ, ತುಟಿ ಅಲ್ಲಾಡಿಸದೆ. ಆ ಟಿಕ್ ಸದ್ದಾಗದಿದ್ದರೆ ಅವಳು ಹೋದಳೆಂದು ಒಪ್ಪಿಕೊಳ್ಳುತ್ತೇನೆ. ಆದರೆ...

ಅರೆ, ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಿದೆ ಅನಂತು. ಲೈಟ್ ಹಾಕಲು ಏಳುವುದಿಲ್ಲ, ಎದ್ದರೆ ಕುರ್ಚಿ ಕಿರುಗುಟ್ಟುತ್ತದೆ. ಪೆನ್ನೂ ಸದ್ದು ಮಾಡುತ್ತದೆ, ಇಲ್ಲಿಗೇ ನಿಲ್ಲಿಸುತ್ತೇನೆ. ಭಾನುವಾರ ಬರುತ್ತೇನೆ, ನಿಧಾನವಾಗಿ ಹೊರಡುತ್ತೇನೆ. ನಿನ್ನ ಈಚೆಯ ತಟ್ಟೆ ಬರಿದಾಗದ ಹಾಗೆ ಅಲ್ಲಾಹು ನೋಡಿಕೊಳ್ಳಲಿ.

ನಿನ್ನ
ಖಾಸೀಮ