ಎಡಕ್ಕೆ ಎಳೆಯುವ ಗಾಡಿ

ಮನೆ
ಗುರುವಾರ ಸಂಜೆ

ಪ್ರೀತಿಯ ಅಕ್ಕಾ,

ಸಾರಿ. ಹಡಗಿನ ಆಫೀಸ್ ಮೇಲ್‌ಗೆ ಮನೆ ಸುದ್ದಿ ಬರೀಬೇಡ, ಅದು ಕ್ಯಾಪ್ಟನ್ ಕಣ್ಣಿಗೂ ಬೀಳುತ್ತೆ ಅಂತ ನೀನು ಹೇಳಿದ್ದು ನೆನಪಿದೆ. ಆದರೂ ಬರೆಯುತ್ತಿದ್ದೇನೆ, ಬೈಯಬೇಡ. ಹೇಗಿದ್ದೀಯ? ಎಂಜಿನ್ ರೂಮಿನ ಸೆಕೆಗೆ ಕತ್ತಿನ ಮೇಲೆ ಗುಳ್ಳೆ ಎದ್ದಿದ್ದವಲ್ಲ, ವಾಸಿಯಾದವಾ? ನನಗೆ ರಜೆ. ಅಮ್ಮ ಇನ್ನೂ ದೊಡ್ಡಮ್ಮನ ಮನೆಯಲ್ಲೇ ಇದ್ದಾಳೆ. ಅಪ್ಪ ಚೆನ್ನಾಗಿದ್ದಾರೆ. ಅಂದರೆ, ಚೆನ್ನಾಗಿದ್ದೇನೆ ಅನ್ನುತ್ತಾರೆ.

ವಿಷಯ ಅಪ್ಪನ ಹುಲ್ಲು ಕತ್ತರಿಸೋ ಗಾಡಿಯದು. ಸ್ಟಿಯರಿಂಗ್ ಇಲ್ಲದ, ಎರಡು ಲಿವರ್‌ಗಳ ಆ ಗಾಡಿ ಎಡಕ್ಕೆ ಎಳೆಯೋಕೆ ಶುರು ಮಾಡಿತ್ತು. ಎಡ ಲಿವರ್ ಎಡ ಚಕ್ರಕ್ಕೆ, ಬಲದ್ದು ಬಲಕ್ಕೆ, ಎರಡನ್ನೂ ಸಮವಾಗಿ ತಳ್ಳಿದರೆ ನೇರ ಹೋಗಬೇಕು. ನಿನಗೇ ಪಾಠ ಹೇಳುತ್ತಿದ್ದೇನೆ ನೋಡು, ನೀನು ಸೈಕಲ್‌ಗಿಂತ ಮೊದಲು ಕಲಿತದ್ದೇ ಅದನ್ನು! ಇಡೀ ಮೈದಾನಕ್ಕೆ ಬೈತಲೆ ತೆಗೆದ ಹಾಗೆ ಗೆರೆ ಬೀಳಿಸುತ್ತಿದ್ದ ಅಪ್ಪನಿಗೆ ಆಟದ ಹುಡುಗರು ಈಗ, "ಏನ್ ಅಂಕಲ್, ಇವತ್ತೂ ಬೈತಲೆ ಸೊಟ್ಟ?" ಅನ್ನುತ್ತಾರಂತೆ. ಅಪ್ಪ ಅಲ್ಲಿ ನಗುತ್ತಾರೆ, ಶೆಡ್ಡಿಗೆ ಬಂದು ಗಾಡಿಗೆ ಒದೆಯುತ್ತಾರೆ. ಶನಿವಾರ ಮ್ಯಾಚ್. ನಾಳೆ ಮೈದಾನದಂಚಿನ ಹೊಂಡದ ಏರಿಯ ಮೇಲಿನ ಹುಲ್ಲು ಕತ್ತರಿಸಬೇಕು. ಅಲ್ಲಿ ನೀರು ಎಡಗಡೆಗೆ. ಅರ್ಥವಾಯಿತಲ್ಲ?

"ಮೆಕ್ಯಾನಿಕಲ್ ಓದ್ತೀಯಲ್ಲ, ನೀನೇ ನೋಡೇ" ಅಂದರು. ಫಸ್ಟ್ ಇಯರ್ ಅಪ್ಪಾ, ಇನ್ನೂ ಅರ ಕೊಟ್ಟು ಕಬ್ಬಿಣ ತಿಕ್ಕಿಸ್ತಿದ್ದಾರೆ ಅಂದರೂ ಬಿಡಲಿಲ್ಲ. ಟೈರ್ ಗಾಳಿ ನೋಡಿದೆ, ಎರಡರಲ್ಲೂ ಸಮ ಇತ್ತು. ಆಮೇಲೆ ಸೀಟ್ ಎತ್ತಿ, ಬಲ ಲಿವರ್‌ನಿಂದ ಆ ಚಕ್ರ ತಿರುಗಿಸೋ ಪಂಪಿಗೆ ಹೋಗುವ ರಾಡಿನ ನಟ್ ಸಡಿಲಿಸಿ, ರಾಡ್ ಚೂರು ತಿರುಗಿಸಿ, ಬಲ ಚಕ್ರದ ಓಟ ತಗ್ಗಿಸಿದೆ. ಅಪ್ಪ ಓಡಿಸಿದರು, ಇನ್ನೂ ಎಡಕ್ಕೇ. ಮತ್ತೆ ತಿರುಗಿಸಿದೆ. ಮತ್ತೂ ಎಡಕ್ಕೆ. ಕೈಯೆಲ್ಲ ಗ್ರೀಸು, ಎದೆಯಲ್ಲಿ ಫುಲ್ ಪ್ಯಾನಿಕ್. ನಿನ್ನೆ ಸಂಜೆ ಕೊನೆಗೂ ದಾರ ಹಿಡಿದ ಹಾಗೆ ನೇರ ಹೋಯಿತು. "ನೋಡ್ದ್ಯಾ, ನನ್ನ ಎಂಜಿನಿಯರು!" ಅಂತ ಬೆನ್ನು ತಟ್ಟಿದರು. ಹಾಸ್ಟೆಲ್ ಸೇರಿದ ಮೇಲೆ ಅಪ್ಪ ಹಾಗೆ ತಟ್ಟಿದ್ದು ನೆನಪಿಲ್ಲ. ಎಷ್ಟು ಖುಷಿಯಾಯಿತು ಗೊತ್ತಾ.

ಇವತ್ತು ಬೆಳಿಗ್ಗೆ ಅಪ್ಪ ಅಂಗಡಿಗೆ ಹೋದಾಗ ಅದೇ ಖುಷಿಯಲ್ಲಿ ನಾನೇ ಹತ್ತಿ, ಎರಡೂ ಲಿವರ್ ಕೊನೆತನಕ ತಳ್ಳಿದೆ. ಗಾಡಿ ಬಲಕ್ಕೆ ತಿರುಗಿ ಬೇಲಿಗೆ ಮೂತಿ ಇಟ್ಟಿತು. ಹಿಂದೆ ತಂದು ಮತ್ತೆ ಓಡಿಸಿದೆ, ಮತ್ತೆ ಬೇಲಿ. ಅಪ್ಪನಿಗೆ ನೇರ ಹೋಗಿ ನನಗೆ ಮಾತ್ರ ಬಲಕ್ಕೆ ತಿರುಗುವ ಗಾಡಿ ಇರುತ್ತದಾ ಅಕ್ಕಾ?

ಹೊಟ್ಟೆ ತುಂಬ ಊಟ ಮಾಡು. ಡೆಕ್ ಮೇಲೆ ಕಂಬಿ ಹಿಡಿದೇ ನಡಿ.

ನಿನ್ನ ಹಿಂದೆಯೇ ಸುತ್ತುತ್ತಿದ್ದ
ಬಾಲ

ತಾ.ಕ.: ಗಾಡಿ ಕೆಟ್ಟೇ ಇರಲಿಲ್ಲ ಅಕ್ಕಾ. ಅಪ್ಪನ ಎಡಗೈ ಲಿವರನ್ನು ಪೂರ್ತಿ ತಳ್ಳುತ್ತಿಲ್ಲ. ಮಧ್ಯಾಹ್ನ ಪಕ್ಕದಲ್ಲೇ ನಿಂತು ನೋಡಿದೆ. ಅಂಗಿಯ ಬಲತೋಳಿನ ಗುಂಡಿಯನ್ನೂ ನನ್ನ ಹತ್ತಿರವೇ ಹಾಕಿಸಿಕೊಂಡರು, ಎಡಗೈಯಲ್ಲಿ ಆಗಲಿಲ್ಲ. ಕೇಳಿದರೆ, "ಜೋಮು ಹಿಡಿದಿದೆ ಅಷ್ಟೇ. ಅಮ್ಮಂಗೆ ಹೇಳಿದ್ರೆ ನೋಡು." ಡಾಕ್ಟರ್ ಅಂದರೆ ಎದ್ದು ಹೋಗುತ್ತಾರೆ. ಆ ಕೈಗೆ ತಕ್ಕ ಹಾಗೆ ನಾನು ಗಾಡಿಯನ್ನೇ ಕುಂಟು ಮಾಡಿ ಕೊಟ್ಟಿದ್ದೇನೆ, ಅವರು ಸರಿಹೋಯಿತು ಅಂದುಕೊಂಡು ನಾಳೆ ಏರಿ ಹತ್ತುತ್ತಾರೆ. ಆ ಕೈ ಇನ್ನಷ್ಟು ಸೋತರೆ ಗಾಡಿ ಸೀದಾ ನೀರಿಗೆ, ನಿಲ್ಲಿಸಬೇಕೆಂದರೂ ಎರಡು ಲಿವರನ್ನೂ ಎಳೆಯಬೇಕು. ಕೀ ನನ್ನ ಶೂ ಒಳಗಿದೆ. ಶೆಡ್ಡಿನಲ್ಲಿ ಡಬ್ಬಗಳನ್ನು ಉರುಳಿಸಿ ಹುಡುಕುತ್ತಿದ್ದಾರೆ, ಕೇಳಿಸುತ್ತಿದೆ. ನನ್ನ ಮಾತು ಕೇಳಲ್ಲ, ನಿನ್ನ ಮಾತು ಮೀರಲ್ಲ. ಗಾಡಿ ಹತ್ತಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ ಅಂತ ಅಪ್ಪನಿಗೆ ನೀನು ಬರೆ. ಬೇಗ ಉತ್ತರ ಕಳಿಸು.